ವಿದೇಶಿ ಬಂಡವಾಳ: ಎಷ್ಟು ಬಂತು, ಏನು ಉಳಿಯಿತು?

ಕಳೆದ ಸಂಚಿಕೆಯಲ್ಲಿ ರೂಪಾಯಿ ಬೆಲೆಯ ಬಗ್ಗೆ ಬರೆದಿದ್ದೆ. ಆಮೇಲೆ ಬಂದ ಪತ್ರಗಳಲ್ಲಿ ಹೆಚ್ಚಿನವು ವಿದೇಶಿ ಹೂಡಿಕೆ ಮತ್ತು ವ್ಯಾಪಾರ ಒಪ್ಪಂದಗಳದ್ದೇ. ಹಾಗಾಗಿ ಈ ಸಲ ಬೇರೆ ಪ್ರಶ್ನೆಗಳನ್ನು ಪಕ್ಕಕ್ಕಿಟ್ಟಿದ್ದೇನೆ. ಹೊಸ ಓದುಗರಿಗೆ ಒಂದು ಮಾತು. ನಾನು ಬ್ಯಾಂಕಿನ ವಿದೇಶಿ ವಿನಿಮಯ ವಿಭಾಗದಲ್ಲಿ ಕೆಲಸ ಮಾಡಿ ನಿವೃತ್ತಳಾದವಳು. ಡಾಲರ್ ಯಾವ ಕಾಗದದ ಮೇಲೆ ಒಳಗೆ ಬರುತ್ತದೆ, ಯಾವ ಕಾಗದದ ಮೇಲೆ ಹೊರಗೆ ಹೋಗುತ್ತದೆ ಎಂದು ಹತ್ತಿರದಿಂದ ನೋಡಿದ್ದೇನೆ. ನನ್ನ ಉತ್ತರಗಳೂ ಆ ಮೇಜಿನ ಹಿಂದಿನಿಂದ ಬಂದವೇ.

ಪ್ರಶ್ನೆ: ಪೇಪರಿನಲ್ಲಿ ಒಂದು ದಿನ ‘ಭಾರಿ ವಿದೇಶಿ ಹೂಡಿಕೆ’ ಎಂದು ಬರುತ್ತದೆ. ಮರುವಾರ ‘ವಿದೇಶಿ ಹೂಡಿಕೆ ಸೊನ್ನೆಯ ಹತ್ತಿರ’ ಎಂದು ಬರುತ್ತದೆ. ಎರಡೂ ಹೇಗೆ ನಿಜವಾಗುತ್ತವೆ? — ಬಿ.ಕಾಂ. ವಿದ್ಯಾರ್ಥಿನಿ, ಶಿವಮೊಗ್ಗ

ಉತ್ತರ: ಎರಡೂ ನಿಜವೇ, ಆದರೆ ಲೆಕ್ಕ ಬೇರೆ ಬೇರೆ.

2024-25ನ್ನೇ ತಗೊಳ್ಳಿ. ಆ ವರ್ಷ ಭಾರತಕ್ಕೆ ಬಂದ ಒಟ್ಟು ನೇರ ಹೂಡಿಕೆ ಸುಮಾರು 81 ಶತಕೋಟಿ ಡಾಲರ್. ರಿಸರ್ವ್ ಬ್ಯಾಂಕಿನ ಮೊದಲ ಲೆಕ್ಕದಲ್ಲಿ ನಿವ್ವಳವಾಗಿ ಉಳಿದದ್ದು ಅರ್ಧ ಶತಕೋಟಿಗಿಂತಲೂ ಕಡಿಮೆ. ಹಿಂದೆ ಹೂಡಿದವರು ತಮ್ಮ ಪಾಲು ಮಾರಿ 50 ಶತಕೋಟಿಗೂ ಜಾಸ್ತಿ ಹಣವನ್ನು ವಾಪಸ್ ಒಯ್ದರು. ಜೊತೆಗೆ ನಮ್ಮ ಕಂಪನಿಗಳೂ ಹೊರದೇಶಗಳಲ್ಲಿ ಹಣ ಹೂಡಿದವು. ಒಂದು ಉದಾಹರಣೆ ನಿಮಗೂ ನೆನಪಿರಬಹುದು. 2024ರ ಅಕ್ಟೋಬರಿನಲ್ಲಿ ಹ್ಯುಂಡೈ ಇಂಡಿಯಾ ತನ್ನ ಷೇರುಗಳನ್ನು ಮಾರುಕಟ್ಟೆಗೆ ತಂದಿತು. ಮೊತ್ತ 27,870 ಕೋಟಿ ರೂಪಾಯಿ. ಅಷ್ಟೂ ಹಣ ಕೊರಿಯಾದ ಮೂಲ ಕಂಪನಿಗೆ ಹೋಯಿತು. ಹೊಸ ಷೇರು ಒಂದೂ ಇರಲಿಲ್ಲ, ಹಳೆಯ ಪಾಲನ್ನಷ್ಟೇ ಮಾರಿದರು. ಇದರಲ್ಲಿ ತಪ್ಪೇನಿಲ್ಲ. ಬಂದವರು ಲಾಭ ತಗೊಂಡು ಹೋಗಬಹುದು ಎನ್ನುವ ನಂಬಿಕೆ ಇದ್ದರೇ ಮುಂದಿನವರು ಬರುತ್ತಾರೆ. ಆದರೆ ‘81’ ಎಂದು ಓದಿ ಅಷ್ಟೂ ಇಲ್ಲೇ ಇದೆ ಎಂದುಕೊಳ್ಳಬೇಡಿ.

ಇನ್ನೊಂದು ವ್ಯತ್ಯಾಸವೂ ಇದೆ. ಕಾರ್ಖಾನೆ ಕಟ್ಟಲು, ಕಂಪನಿಯಲ್ಲಿ ದೊಡ್ಡ ಪಾಲು ಪಡೆಯಲು ಬರುವುದು ನೇರ ಹೂಡಿಕೆ. ಷೇರುಪೇಟೆಯಲ್ಲಿ ಕೊಂಡು ಮಾರಲು ಬರುವುದು ಪೋರ್ಟ್‌ಫೋಲಿಯೊ ಹೂಡಿಕೆ. ಷೇರುಪೇಟೆಯಲ್ಲಿರುವ ಕಂಪನಿಯಲ್ಲಿ ಶೇಕಡಾ 10 ಅಥವಾ ಅದಕ್ಕಿಂತ ಹೆಚ್ಚು ಪಾಲಿದ್ದರೆ ನಮ್ಮ ನಿಯಮದಲ್ಲಿ ಅದು ನೇರ ಹೂಡಿಕೆ. ಪೋರ್ಟ್‌ಫೋಲಿಯೊ ದುಡ್ಡು ಒಂದು ಬಟನ್ ಒತ್ತಿದರೆ ಹೊರಡುತ್ತದೆ. ನೇರ ಹೂಡಿಕೆ ಹೊರಡಬೇಕಾದರೆ ಕೊಳ್ಳುವವರನ್ನು ಹುಡುಕಬೇಕು. ನಮ್ಮ ಮೇಜಿಗೆ ನೇರ ಹೂಡಿಕೆ ಬಂದಾಗ ಕಡತ ದಪ್ಪ ಇರುತ್ತಿತ್ತು. ಹಣ ಕಳಿಸಿದವರ ಗುರುತು, ಷೇರಿನ ಬೆಲೆ ಸರಿ ಎನ್ನುವ ಮೌಲ್ಯಮಾಪನ ಪತ್ರ, ಹಣ ಬಂದ 60 ದಿನದೊಳಗೆ ಷೇರು ಹಂಚಿಕೆ, ಹಂಚಿದ 30 ದಿನದೊಳಗೆ ರಿಸರ್ವ್ ಬ್ಯಾಂಕಿಗೆ ಎಫ್‌ಸಿ-ಜಿಪಿಆರ್ ವರದಿ.

ಬೇಗ ಓಡುವ ದುಡ್ಡು ಏನು ಮಾಡುತ್ತದೆ ಎಂದು ಏಷ್ಯಾ 1997ರಲ್ಲಿ ನೋಡಿತು. ಜುಲೈ 2ರಂದು ಥಾಯ್ಲೆಂಡ್ ತನ್ನ ಬಾತ್ ನಾಣ್ಯದ ಬೆಲೆಯನ್ನು ಹಿಡಿದಿಡಲಾಗದೆ ಕೈಬಿಟ್ಟಿತು. ಅಲ್ಪಾವಧಿ ಸಾಲ ಕೊಟ್ಟವರು, ಷೇರು ಕೊಂಡವರು ಎಲ್ಲರೂ ಒಟ್ಟಿಗೆ ಬಾಗಿಲ ಕಡೆ ಓಡಿದರು. ಡಾಲರಿಗೆ ಸುಮಾರು 2,400 ಇದ್ದ ಇಂಡೊನೇಷ್ಯಾದ ರುಪಯ್ಯಾ ಮರುವರ್ಷ 15,000 ದಾಟಿತು. ಆ ದೇಶದಲ್ಲಿ ಸರ್ಕಾರವೇ ಬಿತ್ತು. ಕಟ್ಟಿದ್ದ ಕಾರ್ಖಾನೆಗಳು ಮಾತ್ರ ಇದ್ದಲ್ಲೇ ಇದ್ದವು.

ಪ್ರಶ್ನೆ: ಭಾರತಕ್ಕೆ ಹೆಚ್ಚು ಹಣ ಹಾಕಿದ ದೇಶಗಳ ಪಟ್ಟಿಯಲ್ಲಿ ಮಾರಿಷಸ್ ಮೇಲಿದೆ. ಅಷ್ಟು ಪುಟ್ಟ ದ್ವೀಪಕ್ಕೆ ಅಷ್ಟು ದುಡ್ಡು ಎಲ್ಲಿಂದ? — ನಿವೃತ್ತ ಅಂಚೆ ನೌಕರರು, ಗದಗ

ಉತ್ತರ: ದುಡ್ಡು ಮಾರಿಷಸ್‌ನದ್ದಲ್ಲ ಸರ್, ಆ ದಾರಿಯಾಗಿ ಬರುವುದು ಅಷ್ಟೇ. 1980ರ ದಶಕದ ಆರಂಭದಲ್ಲಿ ಎರಡೂ ದೇಶಗಳು ತೆರಿಗೆ ಒಪ್ಪಂದ ಮಾಡಿಕೊಂಡವು. ಅದರ ಪ್ರಕಾರ ಅಲ್ಲಿಯ ಕಂಪನಿ ಇಲ್ಲಿ ಷೇರು ಮಾರಿ ಗಳಿಸಿದ ಲಾಭಕ್ಕೆ ಇಲ್ಲಿ ತೆರಿಗೆ ಇರಲಿಲ್ಲ. ಅಮೆರಿಕ, ಯುರೋಪಿನವರು ಅಲ್ಲೊಂದು ಕಂಪನಿ ತೆರೆದು ಅದರ ಮೂಲಕ ಬಂದರು. ನಮ್ಮವರದೇ ಹಣವೂ ಒಂದು ಸುತ್ತು ಹೊಡೆದು ವಿದೇಶಿ ಹೆಸರಿನಲ್ಲಿ ವಾಪಸ್ ಬರುತ್ತಿದೆ ಎನ್ನುವ ದೂರು ಹಳೆಯದು. 2016ರ ಮೇ ತಿಂಗಳಲ್ಲಿ ಒಪ್ಪಂದ ತಿದ್ದಿದರು. 2017ರ ಏಪ್ರಿಲ್ 1ರಿಂದ ಕೊಂಡ ಷೇರುಗಳಿಗೆ ಆ ರಿಯಾಯಿತಿ ಇಲ್ಲ. ಚೀನಾದ ಪಟ್ಟಿಯಲ್ಲೂ ಹೀಗೇ. ಅಲ್ಲಿ ಹಾಂಕಾಂಗ್, ಬ್ರಿಟಿಷ್ ವರ್ಜಿನ್ ದ್ವೀಪಗಳು ಮೇಲಿನ ಸಾಲಿನಲ್ಲಿ ಕಾಣುತ್ತವೆ.

ಪ್ರಶ್ನೆ: ಚೀನಾ ಮತ್ತು ಭಾರತ ಎರಡೂ ಬಾಗಿಲು ತೆರೆದವು. ಎರಡೂ ಕಡೆ ಜನ ಇದ್ದರು, ಕೂಲಿ ಕಡಿಮೆ ಇತ್ತು. ಆದರೂ ಕಾರ್ಖಾನೆಗಳೆಲ್ಲ ಅಲ್ಲಿಗೇ ಯಾಕೆ ಹೋದವು? — ನಿವೃತ್ತ ಶಿಕ್ಷಕರು, ಧಾರವಾಡ

ಉತ್ತರ: ಈ ಪ್ರಶ್ನೆಗೆ ನಾನು ಸ್ವಲ್ಪ ಜಾಸ್ತಿ ಜಾಗ ತಗೊಳ್ಳುತ್ತೇನೆ ಮೇಷ್ಟ್ರೇ. ‘ಅಲ್ಲಿ ಸರ್ವಾಧಿಕಾರ, ಅದಕ್ಕೇ’ ಎಂದು ಒಂದೇ ಮಾತಿನಲ್ಲಿ ಮುಗಿಸುವವರನ್ನು ನಾನು ಒಪ್ಪುವುದಿಲ್ಲ.

ಮೊದಲನೆಯದು ಕಾಲ. ಚೀನಾ 1979ರಲ್ಲಿ ಜಂಟಿ ಉದ್ಯಮಗಳ ಕಾನೂನು ಮಾಡಿತು. 1980ರಲ್ಲಿ ಶೆನ್‌ಜೆನ್, ಝುಹಾಯ್, ಶಾಂಟೌ, ಶ್ಯಾಮೆನ್ ಎಂಬ ನಾಲ್ಕು ಊರುಗಳನ್ನು ವಿಶೇಷ ಆರ್ಥಿಕ ವಲಯ ಮಾಡಿತು. ನಾವು ತೆರೆದದ್ದು 1991ರ ಜುಲೈನಲ್ಲಿ, ಅದೂ ಬೇರೆ ದಾರಿ ಇಲ್ಲದೆ. ಆ ವರ್ಷ ನಮ್ಮ ವಿಭಾಗದಲ್ಲಿದ್ದವರು ಅದನ್ನು ಮರೆಯುವ ಹಾಗಿಲ್ಲ. ಬಹಳಷ್ಟು ಆಮದಿಗೆ ಎಲ್‌ಸಿ (ಮಾರುವವರಿಗೆ ಹಣ ಕೊಡುತ್ತೇವೆ ಎಂದು ಬ್ಯಾಂಕು ಕೊಡುವ ಖಾತರಿ ಪತ್ರ) ತೆರೆಯಬೇಕಾದರೆ ಸರಕಿನ ಬೆಲೆಯ ಎರಡರಷ್ಟನ್ನು ನಗದಾಗಿ ಬ್ಯಾಂಕಿನಲ್ಲಿ ಇಡಬೇಕಿತ್ತು. ಇಂಜೆಕ್ಷನ್ ಮೌಲ್ಡಿಂಗ್ ಯಂತ್ರದ ಬಿಡಿಭಾಗ ತರಿಸಬೇಕಿದ್ದ ಒಬ್ಬ ಸಣ್ಣ ಉದ್ಯಮಿ ನನ್ನೆದುರು ಕೂತು, ‘ಅಷ್ಟು ನಗದಿದ್ದರೆ ನಾನು ಸಾಲಕ್ಕೆ ಯಾಕೆ ಬರ್ತಿದ್ದೆ ಮೇಡಂ?’ ಎಂದು ಕೇಳಿದ್ದರು. ದೇಶದ ಖಜಾನೆಯಲ್ಲಿ ಎರಡು-ಮೂರು ವಾರದ ಆಮದಿಗೆ ಸಾಲುವಷ್ಟೇ ಡಾಲರ್ ಇತ್ತು. ಚಿನ್ನವನ್ನು ಲಂಡನ್ನಿಗೆ ಕಳಿಸಿ ಅಡವಿಟ್ಟೆವು.

ಎರಡನೆಯದು, ಮೊದಲು ಯಾರು ಬಂದರು ಎನ್ನುವುದು. ಚೀನಾಕ್ಕೆ ಆರಂಭದಲ್ಲಿ ಬಂದವರಲ್ಲಿ ಹೆಚ್ಚಿನವರು ಅಮೆರಿಕದ ದೊಡ್ಡ ಕಂಪನಿಗಳವರಲ್ಲ. ಹಾಂಕಾಂಗ್ ಮತ್ತು ತೈವಾನಿನ ಚೀನಿ ವ್ಯಾಪಾರಿಗಳು. ಬೂಟು, ಬಟ್ಟೆ, ಆಟದ ಸಾಮಾನು ಮಾಡುವವರು. ಅವರ ಕೈಯಲ್ಲಿ ಆಗಲೇ ಅಮೆರಿಕದ ಆರ್ಡರ್ ಇತ್ತು. ಹಾಂಕಾಂಗಿನಲ್ಲಿ ಕೂಲಿ ಏರಿತ್ತು. ಗಡಿ ದಾಟಿ ಶೆನ್‌ಜೆನ್‌ನಲ್ಲಿ ಶೆಡ್ ಹಾಕಿದರು. ರಫ್ತು ಮಾಡುವ ಸರಕಿಗೆ ಬೇಕಾದ ಬಿಡಿಭಾಗ, ಬಟ್ಟೆ, ಗುಂಡಿಗಳನ್ನೆಲ್ಲ ಸುಂಕವಿಲ್ಲದೆ ಒಳಗೆ ಬಿಡುತ್ತಿದ್ದರು.

ನಾವು? ಏಷ್ಯಾದ ಮೊದಲ ರಫ್ತು ವಲಯ ನಮ್ಮ ಗುಜರಾತಿನ ಕಾಂಡ್ಲಾದಲ್ಲೇ ಶುರುವಾದದ್ದು, 1965ರಲ್ಲಿ. ಶೆನ್‌ಜೆನ್‌ಗಿಂತ 15 ವರ್ಷ ಮೊದಲು. ಆದರೆ ಬಟ್ಟೆ, ಆಟಿಕೆ, ಚಪ್ಪಲಿಯಂಥ ಸರಕನ್ನೇ ನಾವು ಸಣ್ಣ ಕೈಗಾರಿಕೆಗೆ ಮೀಸಲಿಟ್ಟಿದ್ದೆವು. ಒಂದು ಹಂತದಲ್ಲಿ ಆ ಪಟ್ಟಿಯಲ್ಲಿ 800ಕ್ಕೂ ಹೆಚ್ಚು ಸರಕುಗಳಿದ್ದವು. ಕಾರ್ಖಾನೆ ಇಷ್ಟೇ ದೊಡ್ಡದಿರಬೇಕು ಎನ್ನುವ ಮಿತಿ, ಅದರಲ್ಲಿ ವಿದೇಶಿ ಪಾಲಿಗೆ ಶೇಕಡಾ 24ರ ಮಿತಿ. ಪಟ್ಟಿಯ ಕೊನೆಯ 20 ಸರಕುಗಳನ್ನು ಬಿಟ್ಟದ್ದು 2015ರಲ್ಲಿ. ಸಣ್ಣವರನ್ನು ಉಳಿಸಬೇಕು ಎನ್ನುವ ಮನಸ್ಸು ಒಳ್ಳೆಯದೇ. ಆದರೆ ಹತ್ತು ಸಾವಿರ ಜನ ಒಂದೇ ಸೂರಿನಡಿ ಹೊಲಿಯುವ ಕಾರ್ಖಾನೆ ಇಲ್ಲಿ ಬರದ ಹಾಗೆ ನಾವೇ ಬೇಲಿ ಹಾಕಿಕೊಂಡೆವು. ಕೆಲಸ ಬೇಕಿದ್ದ ಹೆಣ್ಣುಮಕ್ಕಳಿಗೆ ಇದರಿಂದ ಆದ ನಷ್ಟ ದೊಡ್ಡದು ಎಂದು ನಾನು ಗಟ್ಟಿಯಾಗಿ ನಂಬುತ್ತೇನೆ.

ಮೂರನೆಯದು, ಬಂದದ್ದರಿಂದ ಏನು ಕಲಿತರು ಎನ್ನುವುದು. ಇದೇ ಮುಖ್ಯ. 1984ರಲ್ಲಿ ಫೋಕ್ಸ್‌ವ್ಯಾಗನ್ ಶಾಂಘೈಯಲ್ಲಿ ಜಂಟಿ ಕಂಪನಿಗೆ ಸಹಿ ಹಾಕಿತು. ಆರಂಭದಲ್ಲಿ ಸ್ಯಾಂಟಾನಾ ಕಾರಿನ ಹೆಚ್ಚುಕಡಿಮೆ ಎಲ್ಲ ಭಾಗಗಳೂ ಹೊರಗಿನಿಂದ ಬರುತ್ತಿದ್ದವು. ಶಾಂಘೈ ನಗರಾಡಳಿತ ಹಿಡಿದ ಹಟದಿಂದ ಸುತ್ತಮುತ್ತ ಬಿಡಿಭಾಗದ ಕಾರ್ಖಾನೆಗಳು ಎದ್ದವು. ಕಾರು ಕಂಪನಿಗಳಲ್ಲಿ ವಿದೇಶಿ ಪಾಲು ಅರ್ಧ ಮೀರಬಾರದು ಎನ್ನುವ ನಿಯಮ ಇಟ್ಟರು. ಪ್ರಯಾಣಿಕರ ಕಾರುಗಳಿಗೆ ಅದು ಪೂರ್ತಿ ಹೋದದ್ದು 2022ರಲ್ಲಿ. ಅಷ್ಟೊತ್ತಿಗೆ ಅವರದೇ ಕಂಪನಿಗಳು ಎದ್ದು ನಿಂತಿದ್ದವು.

ನಾವೂ ಒಮ್ಮೆ ಇದನ್ನು ಚೆನ್ನಾಗಿ ಮಾಡಿದ್ದೇವೆ. 1982ರಲ್ಲಿ ಸುಜುಕಿ ಜೊತೆ ಮಾರುತಿಯ ಒಪ್ಪಂದ ಆಯಿತು. ಸುಜುಕಿಯ ಪಾಲು ಮೊದಲು ಶೇಕಡಾ 26. ಬಿಡಿಭಾಗಗಳನ್ನು ಹಂತಹಂತವಾಗಿ ಇಲ್ಲೇ ಮಾಡಬೇಕು ಎನ್ನುವ ಷರತ್ತಿತ್ತು. ಗುರುಗ್ರಾಮದ ಸುತ್ತ ಬೆಳೆದ ಬಿಡಿಭಾಗದ ಉದ್ಯಮಕ್ಕೆ ಬುನಾದಿ ಅದೇ.

ಇವತ್ತಿನ ಚಿತ್ರ ಬದಲಾಗಿದೆ. 2023ರಲ್ಲಿ ಚೀನಾಕ್ಕೆ ಬಂದ ನಿವ್ವಳ ನೇರ ಹೂಡಿಕೆ ಮೂರು ದಶಕಗಳಲ್ಲೇ ತೀರಾ ಕೆಳಗಿತ್ತು. ಹಾಗಂತ ಅವರ ರಫ್ತು ನಿಂತಿಲ್ಲ. ಕಲಿಯಬೇಕಾದದ್ದನ್ನು ಅವರು ಆಗಲೇ ಕಲಿತಾಗಿದೆ.

ಪ್ರಶ್ನೆ: ನಾವು ಕೊಡಗಿನಲ್ಲಿ ಕಾಫಿ ನಡುವೆ ಮೆಣಸು ಬೆಳೆಯುತ್ತೇವೆ. ವಿಯೆಟ್ನಾಂ ಮೆಣಸು ಶ್ರೀಲಂಕಾ ಮೂಲಕ ಬಂದು ನಮ್ಮ ಬೆಲೆ ಇಳಿಸುತ್ತಿದೆ ಎನ್ನುತ್ತಾರೆ. ಒಂದು ದೇಶದ ಸರಕು ಇನ್ನೊಂದು ದೇಶದ ಹೆಸರಿನಲ್ಲಿ ಬರಲು ಬಿಡುವುದಾದರೂ ಹೇಗೆ? — ಬೆಳೆಗಾರರು, ಸೋಮವಾರಪೇಟೆ

ಉತ್ತರ: ನಿಮ್ಮ ಸಿಟ್ಟಿಗೆ ಕಾರಣ ಇದೆ. ಇದರ ಲೆಕ್ಕ ನೋಡಿ.

ಯಾವ ಒಪ್ಪಂದವೂ ಇಲ್ಲದ ದೇಶದಿಂದ ಬರುವ ಮೆಣಸಿಗೆ ಭಾರತದ ಸುಂಕ ಶೇಕಡಾ 70. ವಿಯೆಟ್ನಾಂ ಇರುವ, ಆಗ್ನೇಯ ಏಷ್ಯಾ ದೇಶಗಳ ಆಸಿಯಾನ್ ಗುಂಪಿನ ಜೊತೆ 2010ರಿಂದ ಸರಕು ಒಪ್ಪಂದ ಜಾರಿಯಲ್ಲಿದೆ. ಅದರಲ್ಲಿ ಮೆಣಸಿನ ಸುಂಕ ನಿಧಾನವಾಗಿ ಇಳಿದು ಶೇಕಡಾ 50ಕ್ಕೆ ನಿಂತಿತು. ಶ್ರೀಲಂಕಾದ ಕತೆ ಬೇರೆ. 2000ದಿಂದ ಜಾರಿಯಲ್ಲಿರುವ ಒಪ್ಪಂದದ ಪ್ರಕಾರ ವರ್ಷಕ್ಕೆ 2,500 ಟನ್ ಮೆಣಸು ಸುಂಕವಿಲ್ಲದೆ ಬರಬಹುದು. ಅದಕ್ಕಿಂತ ಹೆಚ್ಚಾದರೆ ದಕ್ಷಿಣ ಏಷ್ಯಾದ ಸಾಫ್ಟಾ ಒಪ್ಪಂದದಲ್ಲಿ ಶೇಕಡಾ 8 ಸುಂಕ. ಒಂದೇ ಮೆಣಸು, ಕಾಗದದ ಮೇಲೆ ‘ವಿಯೆಟ್ನಾಂ’ ಎಂದಿದ್ದರೆ 50, ‘ಶ್ರೀಲಂಕಾ’ ಎಂದಿದ್ದರೆ 8 ಅಥವಾ ಸೊನ್ನೆ. ಇಷ್ಟು ಅಂತರ ಇದ್ದರೆ ಆಸೆ ಹುಟ್ಟದೆ ಇರುತ್ತದಾ?

ಇದನ್ನು ತಡೆಯಲು ಇರುವುದೇ ‘ಮೂಲದ ನಿಯಮ’. ರಿಯಾಯಿತಿ ಸುಂಕ ಬೇಕಾದರೆ ಸರಕು ಆ ದೇಶದಲ್ಲೇ ಬೆಳೆದಿರಬೇಕು, ಇಲ್ಲವೇ ಅಲ್ಲಿ ಅದಕ್ಕೆ ಸಾಕಷ್ಟು ಕೆಲಸ ಆಗಿರಬೇಕು. ಕೃಷಿ ಬೆಳೆಯಂತೂ ಅಲ್ಲೇ ಬೆಳೆದಿರಬೇಕು. ಹಡಗಿನಿಂದ ಇಳಿಸಿ ಚೀಲ ಬದಲಿಸಿದರೆ ಸಾಲದು. ಅದಕ್ಕೆ ರಫ್ತು ಮಾಡುವ ದೇಶದ ಅಧಿಕಾರಿ ಸಹಿ ಹಾಕಿದ ಮೂಲ ಪ್ರಮಾಣಪತ್ರ ಬೇಕು. ಬ್ಯಾಂಕಿನಲ್ಲಿ ಎಲ್‌ಸಿ ದಾಖಲೆ ಪರಿಶೀಲಿಸುವಾಗ ಆ ಪತ್ರವನ್ನು ನಾವು ದಿನವೂ ನೋಡುತ್ತಿದ್ದೆವು. ಆದರೆ ಬ್ಯಾಂಕು ನೋಡುವುದು ಕಾಗದವನ್ನು. ಚೀಲದೊಳಗಿನ ಮೆಣಸನ್ನಲ್ಲ. ಎಲ್‌ಸಿ ನಿಯಮವೇ ಹಾಗೆ. ಕಾಗದ ಸರಿ ಇದ್ದರೆ ಹಣ ಕೊಡಬೇಕು.

ಕಸ್ಟಮ್ಸ್‌ಗೂ ಬಹುಕಾಲ ಇದೇ ತೊಡಕು. ಸಂಶಯ ಬಂದರೆ ಆ ದೇಶಕ್ಕೆ ಪತ್ರ ಬರೆದು ಉತ್ತರಕ್ಕೆ ಕಾಯಬೇಕಿತ್ತು. 2020ರಲ್ಲಿ ಕಸ್ಟಮ್ಸ್ ಕಾಯ್ದೆಗೆ 28ಡಿಎ ಎಂಬ ಕಲಂ ಸೇರಿಸಿದರು. ಆ ವರ್ಷ ಸೆಪ್ಟೆಂಬರ್ 21ರಿಂದ ಅದರ ನಿಯಮಗಳು ಜಾರಿಗೆ ಬಂದವು. ಈಗ ಹೊಣೆ ಆಮದುದಾರನ ತಲೆ ಮೇಲೂ ಇದೆ. ಸರಕು ಎಲ್ಲಿ, ಹೇಗೆ ತಯಾರಾಯಿತು ಎನ್ನುವ ವಿವರ ಅವನ ಕೈಯಲ್ಲಿರಬೇಕು. ಐದು ವರ್ಷ ಇಟ್ಟುಕೊಂಡಿರಬೇಕು. ನನ್ನ ಪ್ರಕಾರ ರೈತರ ಪರವಾಗಿ ಈಚೆಗೆ ಆದ ಒಳ್ಳೆಯ ಕೆಲಸಗಳಲ್ಲಿ ಇದೊಂದು. ಜನರಿಗೆ ಗೊತ್ತಾದದ್ದು ಕಡಿಮೆ.

2017ರ ಡಿಸೆಂಬರಿನಲ್ಲಿ ಸರ್ಕಾರ ಕಿಲೋಗೆ 500 ರೂಪಾಯಿ ಕನಿಷ್ಠ ಆಮದು ಬೆಲೆಯನ್ನೂ ಇಟ್ಟಿತು. ಅದರಿಂದ ಸಹಾಯ ಆಗಿದೆ. ಆದರೆ ಅದಕ್ಕೂ ಮಿತಿ ಇದೆ. ಬಿಲ್ಲಿನಲ್ಲಿ ಬೆಲೆ ಏರಿಸಿ ಬರೆದರೆ ಕಾಗದದ ಮಟ್ಟಿಗೆ ಎಲ್ಲ ಸರಿ ಕಾಣುತ್ತದೆ. ಇನ್ನೊಂದು ವಿಷಯವನ್ನೂ ಹೇಳಿಬಿಡುತ್ತೇನೆ, ನಿಮಗೆ ಹಿಡಿಸದಿದ್ದರೂ. ಬರುವ ಮೆಣಸೆಲ್ಲ ಕಳ್ಳದಾರಿಯದಲ್ಲ. ಮೆಣಸಿನಿಂದ ಓಲಿಯೋರೆಸಿನ್ (ಖಾರ, ಪರಿಮಳದ ಗಟ್ಟಿ ಸಾರ) ತೆಗೆದು ರಫ್ತು ಮಾಡುವ ಕಾರ್ಖಾನೆಗಳು, ಅಷ್ಟನ್ನೂ ಮತ್ತೆ ರಫ್ತು ಮಾಡುವ ಷರತ್ತಿನ ಮೇಲೆ ಸುಂಕವಿಲ್ಲದೆ ತರಿಸಬಹುದು. ಅದು ನ್ಯಾಯವಾದ ವ್ಯಾಪಾರ. ಹಾಗೆ ತಂದದ್ದು ಇಲ್ಲಿನ ಮಾರುಕಟ್ಟೆಗೆ ಸೋರುತ್ತಿದೆಯಾ ಎನ್ನುವುದೇ ನೋಡಬೇಕಾದ ವಿಷಯ. ನಿಮ್ಮ ಬೆಳೆಗಾರರ ಸಂಘ ಮನವಿ ಕೊಡುವಾಗ ‘ಆಮದು ನಿಲ್ಲಿಸಿ’ ಎಂದಷ್ಟೇ ಬರೆಯಬೇಡಿ. ಶ್ರೀಲಂಕಾದಲ್ಲಿ ಬೆಳೆದ ಮೆಣಸು ಎಷ್ಟು, ಅಲ್ಲಿಂದ ಹೊರಟದ್ದು ಎಷ್ಟು ಎನ್ನುವ ಎರಡು ಅಂಕಿಗಳನ್ನು ಅಕ್ಕಪಕ್ಕ ಇಟ್ಟು ಬರೆಯಿರಿ. ಅಧಿಕಾರಿಗಳು ಅಂಥ ಮನವಿಯನ್ನು ಸುಮ್ನೆ ಪಕ್ಕಕ್ಕಿಡುವುದು ಕಷ್ಟ.

ಪ್ರಶ್ನೆ: ಆರ್‌ಸಿಇಪಿ ಒಪ್ಪಂದದಿಂದ ಭಾರತ ಹೊರಗುಳಿದದ್ದು ಸರಿಯೋ ತಪ್ಪೋ? ಒಂದೇ ಮಾತಿನಲ್ಲಿ ಹೇಳಿ. — ಹಾಲು ಸಹಕಾರ ಸಂಘದ ಕಾರ್ಯದರ್ಶಿ, ಮಂಡ್ಯ

ಉತ್ತರ: ಒಂದೇ ಮಾತಿನಲ್ಲಿ ಆಗುವುದಿಲ್ಲ, ಕ್ಷಮಿಸಿ. ಹಾಲಿನ ಮಟ್ಟಿಗೆ ಸರಿ. ಎಲೆಕ್ಟ್ರಾನಿಕ್ಸ್ ಮಟ್ಟಿಗೆ ನಷ್ಟ.

ಆರ್‌ಸಿಇಪಿ ಎಂದರೆ ಏಷ್ಯಾ-ಪೆಸಿಫಿಕ್ ದೇಶಗಳು ತಮ್ಮೊಳಗೆ ಸುಂಕ ಇಳಿಸಿಕೊಳ್ಳುವ ವ್ಯಾಪಾರ ಒಪ್ಪಂದ. 2019ರ ನವೆಂಬರ್ 4ರಂದು ಬ್ಯಾಂಕಾಕ್‌ನಲ್ಲಿ ಭಾರತ ಅದರಿಂದ ಹಿಂದೆ ಸರಿಯಿತು. ಉಳಿದ 15 ದೇಶಗಳು 2020ರ ನವೆಂಬರ್ 15ರಂದು ಸಹಿ ಹಾಕಿದವು. 2022ರ ಜನವರಿ 1ರಿಂದ ಜಾರಿಗೆ ಬಂತು. ಆಸಿಯಾನ್‌ನಲ್ಲಿ ಆಗ ಇದ್ದ ಹತ್ತು, ಜೊತೆಗೆ ಚೀನಾ, ಜಪಾನ್, ಕೊರಿಯಾ, ಆಸ್ಟ್ರೇಲಿಯಾ, ನ್ಯೂಜಿಲೆಂಡ್. ಇದರಲ್ಲಿ ಆಸಿಯಾನ್, ಜಪಾನ್, ಕೊರಿಯಾ ಜೊತೆ ನಮಗೆ ಆಗಲೇ ಒಪ್ಪಂದ ಇತ್ತು. ಹಾಗಾಗಿ ನಿಜವಾದ ಪ್ರಶ್ನೆ ಚೀನಾದ್ದು. ಸುಂಕ ಕಡಿತಕ್ಕೆ 2014ರ ದರಗಳನ್ನು ಆಧಾರ ಮಾಡಿದ್ದರು. ಆಮೇಲೆ ನಾವು ಹಲವು ಸರಕಿನ ಸುಂಕ ಏರಿಸಿದ್ದೆವು. 2019ನ್ನು ಆಧಾರ ಮಾಡಿ ಎಂದು ಕೇಳಿದೆವು. ಆಮದು ಒಮ್ಮೆಲೇ ಉಕ್ಕಿದರೆ ಸುಂಕ ತಾನಾಗಿ ಏರುವ ರಕ್ಷಣೆ ಕೇಳಿದೆವು. ಎರಡೂ ಸಿಗಲಿಲ್ಲ. ಒಪ್ಪಂದ ಇಲ್ಲದೆಯೂ 2024-25ರಲ್ಲಿ ಚೀನಾ ಜೊತೆಗಿನ ನಮ್ಮ ವ್ಯಾಪಾರದ ಕೊರತೆ ಸುಮಾರು 99 ಶತಕೋಟಿ ಡಾಲರ್.

ನ್ಯೂಜಿಲೆಂಡ್ ತನ್ನ ಹಾಲಿನ ಬಹುಪಾಲನ್ನು ಪುಡಿ, ಬೆಣ್ಣೆ ಮಾಡಿ ಹೊರಗೇ ಮಾರುವ ದೇಶ. ನಮ್ಮಲ್ಲಿ ಎರಡು ಹಸು ಇಟ್ಟುಕೊಂಡ ಮನೆಗೆ ಹಾಲಿನ ದುಡ್ಡೇ ವಾರದ ಖರ್ಚು. ಆ ಮನೆಗಳನ್ನು ಅವರ ಹಾಲಿನ ಪುಡಿಗೆ ಎದುರು ನಿಲ್ಲಿಸುವುದು ನ್ಯಾಯವಲ್ಲ. ಅದರಲ್ಲಿ ನನಗೆ ಎರಡು ಮಾತಿಲ್ಲ.

ಆದರೆ ಆ ಕಡೆ ಕಳಕೊಂಡದ್ದನ್ನೂ ನೋಡಬೇಕು. ಆರ್‌ಸಿಇಪಿಯೊಳಗೆ 15 ದೇಶಗಳಲ್ಲಿ ಯಾವುದರ ಬಿಡಿಭಾಗ ಹಾಕಿದರೂ ಅದನ್ನು ‘ನಮ್ಮದೇ’ ಎಂದು ಲೆಕ್ಕ ಹಿಡಿಯಬಹುದು. ವಿಯೆಟ್ನಾಮಿನಲ್ಲಿ ಕೂತವನು ಕೊರಿಯಾದ ಚಿಪ್, ಚೀನಾದ ಗಾಜು, ಮಲೇಷ್ಯಾದ ಸರ್ಕ್ಯೂಟ್ ಸೇರಿಸಿ ಜಪಾನಿಗೆ ರಿಯಾಯಿತಿ ಸುಂಕದಲ್ಲಿ ಕಳಿಸುತ್ತಾನೆ. ನಮ್ಮವನು ಬಿಡಿಭಾಗ ತರಿಸುವಾಗಲೇ ಸುಂಕ ಕಟ್ಟುತ್ತಾನೆ. 2024ರ ಜನವರಿಯಲ್ಲಿ ಮೊಬೈಲಿನ ಹಲವು ಬಿಡಿಭಾಗಗಳ ಸುಂಕವನ್ನು ಶೇಕಡಾ 15ರಿಂದ 10ಕ್ಕೆ ಇಳಿಸಿದ್ದು ಈ ಹೊರೆ ಗೊತ್ತಾಗಿಯೇ. ಭಾರತ ಮನಸ್ಸು ಮಾಡಿದರೆ ಸೇರಲು ಆ ಒಪ್ಪಂದದಲ್ಲಿ ಬಾಗಿಲು ತೆರೆದೇ ಇಟ್ಟಿದ್ದಾರೆ. ಹಾಲನ್ನು ಹೊರಗಿಟ್ಟು ಉಳಿದದ್ದರ ಬಗ್ಗೆ ಮತ್ತೆ ಮಾತಾಡಬೇಕು ಎನ್ನುವುದು ನನ್ನ ಅಭಿಪ್ರಾಯ. ನೀವು ಒಪ್ಪದಿದ್ದರೆ ಬರೆಯಿರಿ.

ಪ್ರಶ್ನೆ: ಚೀನಾ ರೇಷ್ಮೆಗೆ ಸುಂಕ ಜಾಸ್ತಿ ಮಾಡಿ ಎಂದರೆ ನೇಕಾರರು ಬೇಡ ಎನ್ನುತ್ತಾರೆ. ನಮ್ಮ ಕಷ್ಟ ಯಾರಿಗೂ ಬೇಡವಾ? — ರೇಷ್ಮೆ ಬೆಳೆಗಾರರು, ಕನಕಪುರ

ಉತ್ತರ: ನಿಮ್ಮ ಸರಕು ಅವರಿಗೆ ಕಚ್ಚಾಮಾಲು. ತೊಡಕು ಇರುವುದೇ ಅಲ್ಲಿ. 2011ರ ಬಜೆಟ್‌ನಲ್ಲಿ ಕಚ್ಚಾ ರೇಷ್ಮೆಯ ಸುಂಕವನ್ನು ಶೇಕಡಾ 30ರಿಂದ ಒಮ್ಮೆಲೇ 5ಕ್ಕೆ ಇಳಿಸಿದರು. ರಾಮನಗರ ಮಾರುಕಟ್ಟೆಗೆ ಗೂಡು ತಂದವರಿಗೆ ಅದರ ಬಿಸಿ ಚೆನ್ನಾಗಿ ತಟ್ಟಿತು. 2013ರಲ್ಲಿ ಮತ್ತೆ 15ಕ್ಕೆ ಏರಿಸಿದರು. ಸುಂಕ ಇಷ್ಟೇ ಇರಬೇಕು ಎನ್ನುವುದಕ್ಕಿಂತ, ಹೀಗೆ ಒಂದು ಬಜೆಟ್‌ನಲ್ಲಿ ಇಳಿಸಿ ಇನ್ನೊಂದರಲ್ಲಿ ಏರಿಸುವುದನ್ನು ನಾನು ವಿರೋಧಿಸುತ್ತೇನೆ. ಹಿಪ್ಪುನೇರಳೆ ತೋಟ ಹಾಕುವವರು ಎಷ್ಟೋ ವರ್ಷ ಮುಂದಿನದನ್ನು ನೋಡಿ ಸಾಲ ಮಾಡಿರುತ್ತಾರೆ.

ಪ್ರಶ್ನೆ: ಇಂಡೊನೇಷ್ಯಾ ನಿಕ್ಕಲ್ ಅದಿರಿನ ರಫ್ತು ನಿಲ್ಲಿಸಿ ಕಾರ್ಖಾನೆಗಳನ್ನೇ ತನ್ನ ಕಡೆ ಎಳೆದುಕೊಂಡಿತಂತೆ. ನಮ್ಮ ಬಳ್ಳಾರಿ ಅದಿರಿಗೂ ಹಾಗೆ ಮಾಡಿದ್ದರೆ? — ಎಂಜಿನಿಯರಿಂಗ್ ವಿದ್ಯಾರ್ಥಿ, ಹೊಸಪೇಟೆ

ಉತ್ತರ: ಒಳ್ಳೆಯ ಪ್ರಶ್ನೆ. 2020ರ ಜನವರಿಯಿಂದ ಇಂಡೊನೇಷ್ಯಾ ಹಸಿ ನಿಕ್ಕಲ್ ಅದಿರನ್ನು ಹೊರಗೆ ಬಿಡುತ್ತಿಲ್ಲ. ‘ಬೇಕಾದರೆ ಇಲ್ಲೇ ಬಂದು ಕರಗಿಸಿ’ ಎಂದಿತು. ಚೀನಾದ ಕಂಪನಿಗಳು ಬಂದವು. ಸುಲಾವೆಸಿ ದ್ವೀಪದ ಮೊರೊವಾಲಿ, ಹಲ್ಮಹೆರಾದ ವೆಡಾ ಬೇ ದೊಡ್ಡ ಕೈಗಾರಿಕಾ ಪ್ರದೇಶಗಳಾದವು. ಸ್ಟೇನ್‌ಲೆಸ್ ಸ್ಟೀಲ್, ಬ್ಯಾಟರಿಗೆ ಬೇಕಾದ ನಿಕ್ಕಲ್ ಈಗ ಅಲ್ಲಿಂದಲೇ ಹೊರಡುತ್ತದೆ. ಯುರೋಪಿಯನ್ ಒಕ್ಕೂಟ ವಿಶ್ವ ವ್ಯಾಪಾರ ಸಂಸ್ಥೆಗೆ ದೂರು ಕೊಟ್ಟಿತು. 2022ರ ನವೆಂಬರಿನಲ್ಲಿ ತೀರ್ಪು ಇಂಡೊನೇಷ್ಯಾ ವಿರುದ್ಧ ಬಂತು. ಅದು ಮೇಲ್ಮನವಿ ಹಾಕಿತು. ಮೇಲ್ಮನವಿ ಕೇಳುವ ಪೀಠದಲ್ಲಿ ನ್ಯಾಯಾಧೀಶರೇ ಇಲ್ಲದ ಕಾರಣ ವಿಷಯ ಅಲ್ಲೇ ನಿಂತಿತು.

ಆದರೆ ಇದು ನಡೆದದ್ದು ನಿಕ್ಕಲ್‌ನಲ್ಲಿ ಅವರ ಕೈ ಮೇಲಿದ್ದರಿಂದ. ಜಗತ್ತಿನಲ್ಲೇ ಅತಿ ಹೆಚ್ಚು ನಿಕ್ಕಲ್ ತೆಗೆಯುವ ದೇಶ ಅದು. ಕಬ್ಬಿಣದ ಅದಿರಿನಲ್ಲಿ ಆ ಜಾಗ ಆಸ್ಟ್ರೇಲಿಯಾ, ಬ್ರೆಜಿಲ್‌ನದು. ನಾವು ಕೊಡದಿದ್ದರೆ ಕೊಳ್ಳುವವರು ಅಲ್ಲಿಗೆ ಹೋಗುತ್ತಾರೆ. ಕರ್ನಾಟಕ 2010ರಲ್ಲಿ ಅದಿರಿನ ರಫ್ತು ನಿಲ್ಲಿಸಿತ್ತು, ನಿನಗೆ ಗೊತ್ತಿರಬೇಕು. ಅದು ಅಕ್ರಮ ಗಣಿಗಾರಿಕೆ ತಡೆಯಲು. ಕಾರ್ಖಾನೆ ಕರೆಯುವ ಯೋಜನೆ ಅದರಲ್ಲಿರಲಿಲ್ಲ. 2022ರ ಮೇ ತಿಂಗಳಲ್ಲಿ ಸುಪ್ರೀಂ ಕೋರ್ಟು ಬಳ್ಳಾರಿ, ಚಿತ್ರದುರ್ಗ, ತುಮಕೂರಿನ ಅದಿರನ್ನು ಮತ್ತೆ ರಫ್ತು ಮಾಡಲು ಬಿಟ್ಟಿತು.

ಮೊರೊವಾಲಿಯ ಇನ್ನೊಂದು ಮುಖವನ್ನೂ ಓದು. ಕಾರ್ಖಾನೆಗಳಿಗೆಂದೇ ಕಲ್ಲಿದ್ದಲು ಸುಡುವ ವಿದ್ಯುತ್ ಸ್ಥಾವರಗಳು ಎದ್ದಿವೆ. 2023ರ ಡಿಸೆಂಬರಿನಲ್ಲಿ ಕುಲುಮೆ ದುರಸ್ತಿ ಮಾಡುವಾಗ ಸ್ಫೋಟವಾಗಿ ಸುಮಾರು 20 ಕೆಲಸಗಾರರು ಸತ್ತರು. ಅವರಲ್ಲಿ ಇಂಡೊನೇಷ್ಯಾದವರೂ ಇದ್ದರು, ಚೀನಾದವರೂ ಇದ್ದರು. ಹೂಡಿಕೆಯ ಅಂಕಿಯಲ್ಲಿ ಇದು ಬರುವುದಿಲ್ಲ. ಗಣಿ ಧೂಳು ಏನು ಎಂದು ನಿನ್ನ ಊರಿನವರಿಗೆ ಯಾರೂ ಹೇಳಿಕೊಡಬೇಕಿಲ್ಲ, ಅಲ್ವಾ?

ಪ್ರಶ್ನೆ: ಮಗಳು ಎಲೆಕ್ಟ್ರಾನಿಕ್ಸ್ ಡಿಪ್ಲೊಮಾ ಮುಗಿಸಿದ್ದಾಳೆ. ನರಸಾಪುರದ ಕಡೆ ಫೋನ್ ಜೋಡಿಸುವ ಕಾರ್ಖಾನೆಯಲ್ಲಿ ಕೆಲಸ ಸಿಗುವ ಹಾಗಿದೆ. ‘ಸ್ಕ್ರೂ ತಿರುಗಿಸೋ ಕೆಲಸ, ಅದಕ್ಕೆ ಓದಬೇಕಿತ್ತಾ’ ಎಂದು ನಮ್ಮವರು ಎನ್ನುತ್ತಾರೆ. ಕಳಿಸಲಾ? — ಒಬ್ಬ ತಾಯಿ, ಮುಳಬಾಗಿಲು

ಉತ್ತರ: ಕಳಿಸಿ ಅಮ್ಮ. ಆದರೆ ಕೆಲವು ವಿಷಯ ಕೇಳಿಕೊಂಡು ಕಳಿಸಿ.

ಸ್ಕ್ರೂ ತಿರುಗಿಸುವ ಕೆಲಸದಿಂದ ಏನೂ ಬೆಳೆಯುವುದಿಲ್ಲ ಎನ್ನುವುದು ಸುಳ್ಳು. 1972ರಲ್ಲಿ ಮಲೇಷ್ಯಾದ ಪೆನಾಂಗ್‌ಗೆ ಇಂಟೆಲ್ ಬಂತು. ಅದೂ ಜೋಡಣೆ ಕೆಲಸವೇ, ಹೆಚ್ಚಾಗಿ ಹೆಣ್ಣುಮಕ್ಕಳೇ ಮಾಡಿದ್ದು. 1989ರಲ್ಲಿ ಅಲ್ಲಿನ ರಾಜ್ಯ ಸರ್ಕಾರ, ಕಂಪನಿಗಳು ಸೇರಿ ಒಂದು ತರಬೇತಿ ಕೇಂದ್ರ ತೆರೆದವು. ಲೈನಿನಲ್ಲಿ ಕೂತವರು ಟೆಕ್ನೀಶಿಯನ್ ಆದರು. ಕಂಪನಿ ಬಿಟ್ಟ ಕೆಲವರು ಸ್ವಂತ ಯಂತ್ರದ ಅಂಗಡಿ ಹಾಕಿ ಅದೇ ಕಂಪನಿಗಳಿಗೆ ಸರಕು ಕೊಟ್ಟರು. ಚಿಪ್ ಉದ್ಯಮದಲ್ಲಿ ಪೆನಾಂಗ್ ಇಂದಿಗೂ ದೊಡ್ಡ ಹೆಸರು.

ಕಲಿಯುವ ದಾರಿ ಇಲ್ಲದಿದ್ದರೆ ಅಷ್ಟು ಬೇಗ ಹಾಗಾಗುವುದಿಲ್ಲ. ವಿಯೆಟ್ನಾಮಿನಲ್ಲಿ ಸ್ಯಾಮ್‌ಸಂಗ್ 2009ರ ಹೊತ್ತಿಗೆ ಬಾಕ್ ನಿನ್‌ನಲ್ಲಿ ಫೋನ್ ಮಾಡಲು ಶುರು ಮಾಡಿತು. ಇಂದು ಆ ದೇಶದ ರಫ್ತಿನಲ್ಲಿ ಸುಮಾರು ಶೇಕಡಾ 70 ವಿದೇಶಿ ಕಂಪನಿಗಳದ್ದು. ಕೆಲಸ ಸಿಕ್ಕಿತು, ಬಡತನ ಇಳಿಯಿತು, ಇದು ಸಣ್ಣ ಮಾತಲ್ಲ. ಆದರೆ ದುಬಾರಿ ಬಿಡಿಭಾಗ ಒದಗಿಸುವವರಲ್ಲಿ ಅಲ್ಲಿಯವರದೇ ಕಂಪನಿಗಳು ಕಡಿಮೆ. ಅವರ ಸರ್ಕಾರಕ್ಕೂ ಇದೇ ಚಿಂತೆ.

ನಮ್ಮಲ್ಲಿ ಐಫೋನ್ ಜೋಡಣೆ 2017ರಲ್ಲಿ ಬೆಂಗಳೂರಿನ ಪೀಣ್ಯದಲ್ಲಿ ಶುರುವಾಯಿತು. ಆಮೇಲೆ ನರಸಾಪುರಕ್ಕೆ ಬಂತು. 2020ರ ಡಿಸೆಂಬರಿನಲ್ಲಿ ಅಲ್ಲಿ ಗುತ್ತಿಗೆ ಕೆಲಸಗಾರರ ಸಂಬಳದ ತಕರಾರು ದೊಡ್ಡ ಗಲಾಟೆಯಾದದ್ದು ನಿಮಗೂ ಗೊತ್ತು. ಅದಕ್ಕೇ ಹೇಳುತ್ತಿದ್ದೇನೆ, ಮೊದಲು ಆಫರ್ ಲೆಟರ್ ಓದಿ. ಅದರ ಮೇಲಿನ ಹೆಸರು ಕಾರ್ಖಾನೆಯದೋ, ಆಳುಗಳನ್ನು ಒದಗಿಸುವ ಏಜೆನ್ಸಿಯದೋ? ಏಜೆನ್ಸಿಯದಾದರೆ ಎಷ್ಟು ತಿಂಗಳ ಕರಾರು, ಆಮೇಲೆ ಏನು ಎಂದು ಕೇಳಿ. ಹೇಳಿದ ಸಂಬಳದಲ್ಲಿ ಕೈಗೆ ಬರುವುದೆಷ್ಟು, ಓವರ್‌ಟೈಮಿಗೆ ಬೇರೆ ಸಿಗುತ್ತದಾ, ಬಸ್ಸು ಮತ್ತು ಹಾಸ್ಟೆಲ್ಲಿಗೆ ಎಷ್ಟು ಹಿಡಿಯುತ್ತಾರೆ ಎಂದು ಬರೆಸಿಕೊಳ್ಳಿ. ಪಿಎಫ್ ಖಾತೆಯ ಯುಎಎನ್ ನಂಬರ್ ಪಡೆದು, ದುಡ್ಡು ಕಟ್ಟುತ್ತಿದ್ದಾರಾ ಎಂದು ಅವಳೇ ಮೊಬೈಲಿನಲ್ಲಿ ನೋಡಿಕೊಳ್ಳಲಿ. ಸಂಬಳ 21,000 ರೂಪಾಯಿ ಒಳಗಿದ್ದರೆ ಇಎಸ್‌ಐ (ಕೆಲಸಗಾರರ ಆರೋಗ್ಯ ವಿಮೆ) ಇರಲೇಬೇಕು.

ಇನ್ನು ಕೆಲಸದ ವಿಷಯ. ಡಿಪ್ಲೊಮಾ ಇದೆ ಎಂದು ಸಂದರ್ಶನದಲ್ಲೇ ಒತ್ತಿ ಹೇಳಲಿ. ಸರ್ಕ್ಯೂಟ್ ಬೋರ್ಡಿಗೆ ಬಿಡಿಭಾಗ ಕೂರಿಸುವ ಎಸ್‌ಎಂಟಿ ಲೈನ್, ಟೆಸ್ಟಿಂಗ್, ಕ್ವಾಲಿಟಿ, ಯಂತ್ರಗಳ ನಿರ್ವಹಣೆ, ಇವುಗಳಲ್ಲಿ ಯಾವುದು ಆ ಕಾರ್ಖಾನೆಯಲ್ಲಿದೆ ಎಂದು ಕೇಳಲಿ. ಇದ್ದರೆ ಆ ಕಡೆ ಹಾಕಿ ಎಂದು ಅರ್ಜಿ ಕೊಡಲಿ. ಮೊದಲು ಜೋಡಣೆ ಲೈನಿಗೇ ಹಾಕಿದರೂ ಪರವಾಗಿಲ್ಲ, ಆರು ತಿಂಗಳಾದ ಮೇಲೆ ಮತ್ತೆ ಕೇಳಲಿ. ಕಂಪನಿ ಕೊಡುವ ಪ್ರತಿ ತರಬೇತಿಗೂ ಸರ್ಟಿಫಿಕೇಟ್ ಪಡೆದು ಅವಳ ಹತ್ತಿರವೇ ಇಟ್ಟುಕೊಳ್ಳಲಿ. ದೇವನಹಳ್ಳಿ ಕಡೆಯೂ ಇಂಥದ್ದೇ ದೊಡ್ಡ ಕಾರ್ಖಾನೆ ಬಂದಿದೆ. ಮುಂದೆ ಅಲ್ಲಿಗೆ ಹೋಗಬೇಕೆನಿಸಿದರೆ ಕೇಳುವುದು ಆ ಸರ್ಟಿಫಿಕೇಟುಗಳನ್ನೇ.